ಜೆಟ್ ವಿಮಾನದ ಹನ್ನೊಂದು ಹಾಳೆಗಳು

ಬಲಗಡೆಯಿಂದ ಎಣಿಸಿದರೆ ಆರನೆಯ ಕಿಂಡಿ. ಅಲ್ಲಿ ಏಳು ಇರಬೇಕಿತ್ತು, ಆರು ಇತ್ತು.

ಕಿಂಡಿಗಳಿಗೆಲ್ಲ ಸೊನ್ನೆ ತಂದು ಅದೇ ಗುಣಾಕಾರವನ್ನು ಇನ್ನೊಮ್ಮೆ ಮಾಡಿದೆ. ಮತ್ತೆ ಆರೇ ಬಂತು. ಎರಡು ಸಂಖ್ಯೆಗಳನ್ನು ಅದಲುಬದಲು ಮಾಡಿಕೊಂಡು ತಿರುಗಿಸಿದೆ. ಈಗ ಏಳು. ಯಾವುದನ್ನು ಯಾವುದರಿಂದ ಗುಣಿಸಿದರೂ ಉತ್ತರ ಒಂದೇ ಎಂಬುದು ಪ್ರಾಥಮಿಕ ಶಾಲೆಯ ಮಕ್ಕಳಿಗೂ ಗೊತ್ತು.

ದಸರಾ ಮುಗಿದು ಮೂರು ವಾರವಾಗಿತ್ತು. ಮೈಸೂರಿನ ನಮ್ಮ ಗಣಿತ ವಿಭಾಗದ ಹಿಂದಿನ ಕೊಠಡಿಯಲ್ಲಿ ನಾನೊಬ್ಬಳೇ ಕೂತಿದ್ದೆ. ಮೇಜಿನ ಮೇಲಿದ್ದದ್ದು ಕೈಯಿಂದ ತಿರುಗಿಸುವ ಲೆಕ್ಕದ ಯಂತ್ರ. ಕಪ್ಪು ಬಣ್ಣದ್ದು, ಹೊಲಿಗೆ ಯಂತ್ರದ ತಲೆಯಷ್ಟು ಭಾರ. ಮುಂಭಾಗದ ಸೀಳುಗಳಲ್ಲಿ ಸಣ್ಣ ಸನ್ನೆಗಳನ್ನು ಸರಿಸಿ ಸಂಖ್ಯೆಯನ್ನು ಇಟ್ಟು, ಬಲಗಡೆಯ ಹಿಡಿಕೆಯನ್ನು ತಿರುಗಿಸಿದರೆ ಕೆಳಗಿನ ಸಾಲಿನ ಕಿಂಡಿಗಳಲ್ಲಿ ಉತ್ತರ ಮೂಡುತ್ತಿತ್ತು. ಒಂದು ಕಿಂಡಿಯಲ್ಲಿ ಒಂಬತ್ತು ದಾಟಿ ಸೊನ್ನೆ ಬಂದಾಗ ಅದರ ಎಡಗಡೆಯ ಕಿಂಡಿ ತಾನಾಗಿ ಒಂದು ಏರಬೇಕು. ಕೂಡುವ ಲೆಕ್ಕ ಕಲಿಯುವಾಗ 'ಕೈಯಲ್ಲಿ ಒಂದು' ಎನ್ನುತ್ತೇವಲ್ಲ, ಅದನ್ನು ಯಂತ್ರದೊಳಗೆ ಒಂದು ಪುಟ್ಟ ಕೊಕ್ಕೆ ಮಾಡುತ್ತಿತ್ತು.

ಪರೀಕ್ಷಿಸುವುದು ಸುಲಭ. ಐದು ಒಂಬತ್ತುಗಳನ್ನು ಇಟ್ಟು ಅದಕ್ಕೆ ಒಂದು ಕೂಡಿಸಿದೆ. ಒಂದು ಲಕ್ಷ ಬರಬೇಕು. ಯಂತ್ರ ಬರೀ ಸೊನ್ನೆಗಳನ್ನು ತೋರಿಸಿತು. ಹಿಡಿಕೆಯನ್ನು ಜೋರಾಗಿ ತಿರುಗಿಸಿ ನೋಡಿದೆ. ಒಂದು ಲಕ್ಷ ಬಂತು. ನಿಧಾನವಾಗಿ ತಿರುಗಿಸಿದೆ. ಮತ್ತೆ ಸೊನ್ನೆ. ನಾನು ಯಾವಾಗಲೂ ನಿಧಾನವಾಗಿ ತಿರುಗಿಸುವವಳು.

ಅಷ್ಟು ಹೊತ್ತಿಗೆ ಹಬ್ಬದ ನಂತರದ ಹನ್ನೊಂದು ಹಾಳೆಗಳು ಬೆಂಗಳೂರಿಗೆ ಹೋಗಿದ್ದವು.

ಬೆಂಗಳೂರಿನಲ್ಲಿ ಆಗ ನಮ್ಮ ದೇಶದ್ದೇ ಆದ ಜೆಟ್ ಯುದ್ಧವಿಮಾನವೊಂದನ್ನು ರೂಪಿಸುತ್ತಿದ್ದರು. ಜರ್ಮನಿಯಿಂದ ಬಂದಿದ್ದ ಹಿರಿಯ ವಿನ್ಯಾಸಕಾರರೊಬ್ಬರು, ಅವರ ಜೊತೆಗೆ ಬಂದ ಕೆಲವರು, ನಮ್ಮವರು ಬಹಳ ಜನ. ಶಬ್ದದ ವೇಗವನ್ನು ಮೀರಿ ಹಾರುವ ವಿಮಾನ ಎಂದು ಪತ್ರಿಕೆಗಳು ಬರೆಯುತ್ತಿದ್ದವು. ಅಂಥ ವೇಗದಲ್ಲಿ ರೆಕ್ಕೆಯ ಯಾವ ಜಾಗದ ಮೇಲೆ ಎಷ್ಟು ಒತ್ತಡ ಬೀಳುತ್ತದೆ ಎಂಬುದನ್ನು ಮೊದಲೇ ಲೆಕ್ಕ ಹಾಕಿ ತಿಳಿಯಬೇಕು. ಸೂತ್ರ ಬರೆಯುವವರು ಅಲ್ಲಿದ್ದರು. ಸೂತ್ರದೊಳಗೆ ಸಂಖ್ಯೆಗಳನ್ನು ಹಾಕಿ ಸಾಲುಸಾಲಾಗಿ ಉತ್ತರ ತೆಗೆಯುವ ಕೈಗಳು ಸಾಲದೆ ಹೋಗಿದ್ದವು. ನಮ್ಮ ವಿಭಾಗದ ಲೆಕ್ಚರರೊಬ್ಬರಿಗೆ ಅಲ್ಲಿನವರ ಪರಿಚಯವಿತ್ತು. ಅವರ ಮೂಲಕ ಆ ಕೆಲಸದ ಒಂದು ಸಣ್ಣ ಭಾಗ ಅಂಚೆಯಲ್ಲಿ ಮೈಸೂರಿಗೆ ಬಂತು. ರೆಕ್ಕೆಯ ಒಂದೊಂದು ಜಾಗಕ್ಕೆ ಒಂದೊಂದು ಹಾಳೆ.

ನಾನು ಎಂ.ಎಸ್ಸಿ. ಮುಗಿಸಿ ನಾಲ್ಕು ತಿಂಗಳಾಗಿತ್ತು. ಆ ಲೆಕ್ಚರರು ನನಗೆ ಪಾಠ ಹೇಳಿದ್ದವರು. "ನಿಮ್ಮ ಕೈ ಶುದ್ಧ ಕಣ್ರೀ. ಇನ್ನೆರಡು ತಿಂಗಳು ಹಾಳೆ ತಪ್ಪಿಲ್ಲದೆ ಹೋಗ್ಲಿ, ಆಮೇಲೆ ಅವರೇ ನಿಮ್ಮನ್ನ ಕರೆಸ್ಕೋತಾರೆ. ಅಲ್ಲಿ ಲೆಕ್ಕದ ಸೆಕ್ಷನ್ನಿಗೆ ಜನ ತಗೋತಿದಾರೆ. ನಾನು ಬರೀತೀನಿ" ಎಂದು ಅವರೇ ಹೇಳಿದರು. ನಾನು ಅರ್ಜಿ ಹಾಕಿದೆ.

ಮನೆಯಲ್ಲಿ ಇದನ್ನು ಹೇಳಲು ಒಂದು ವಾರ ತೆಗೆದುಕೊಂಡೆ. ಅಪ್ಪ ಅರಮನೆಯ ಕಚೇರಿಯಲ್ಲಿ ಇಡೀ ಆಯಸ್ಸು ಗುಮಾಸ್ತರಾಗಿದ್ದು ನಿವೃತ್ತರಾದವರು. ಮಾತು ಕಡಿಮೆ, ಆ ಗುಣ ನನಗೂ ಬಂದಿದೆ. ಅವರು ಎರಡು ದಿನ ಯೋಚಿಸಿ ಹೇಳಿದರು: "ಬಸವನಗುಡೀಲಿ ನಿಮ್ಮ ಸೋದರತ್ತೆ ಮನೆ ಇದೆ. ಆರ್ಡರ್ ಕೈಗೆ ಬಂದ್ರೆ ಹೋಗು. ನಾನು ಬೇಡ ಅನ್ನಲ್ಲ. ಸಂಕ್ರಾಂತಿ ಒಳಗೆ ಬರ್ಲಿಲ್ಲ ಅಂದ್ರೆ ನಿಮ್ಮಮ್ಮ ಹೇಳ್ದಂಗೆ ಕೇಳ್ಬೇಕು."

ಅಮ್ಮ ಹೇಳುತ್ತಿದ್ದದ್ದು ಒಂದೇ ಮಾತು. ಹಾಸನದ ಕಡೆಯ ಒಂದು ಮನೆತನ ಜಾತಕ ಕೇಳಿ ಕಳಿಸಿತ್ತು. "ವಿಮಾನಕ್ಕೆ ಲೆಕ್ಕ ಬರೆಯೋಕೆ ಗಂಡಸ್ರು ಯಾರೂ ಸಿಗ್ಲಿಲ್ವಂತಾ?" ಎಂದು ಅಮ್ಮ ಹುರುಳಿ ಆರಿಸುತ್ತಲೇ ಕೇಳಿದರು.

"ಸಿಗ್ತಾರೆ. ಅವರು ತಪ್ಪು ಮಾಡ್ತಾರೆ" ಎಂದೆ. ಅಷ್ಟು ಜಂಬದ ಮಾತನ್ನು ನಾನು ಅದಕ್ಕೆ ಮೊದಲು ಆಡಿದ್ದು ನೆನಪಿಲ್ಲ.

ಕೆಲಸಕ್ಕೆ ಒಂದು ಕಟ್ಟುನಿಟ್ಟಾದ ಕ್ರಮವಿತ್ತು. ಪ್ರತಿ ಹಾಳೆಯಲ್ಲೂ ಎರಡು ಕಾಲಂ. ಮೊದಲನೆಯದನ್ನು ಒಬ್ಬರು ತುಂಬಬೇಕು. ಎರಡನೆಯವರು ಆ ಕಾಲಮನ್ನು ರಟ್ಟಿನ ಪಟ್ಟಿಯಿಂದ ಮುಚ್ಚಿ, ಅದೇ ಲೆಕ್ಕವನ್ನು ಮೊದಲಿನಿಂದ ತಾವೇ ಮಾಡಬೇಕು. ಕೊನೆಯಲ್ಲಿ ರಟ್ಟು ತೆಗೆದು ಎರಡನ್ನೂ ಹೋಲಿಸಿ, ಸರಿಬಂದರೆ ಇಬ್ಬರೂ ಸಹಿ ಹಾಕಬೇಕು. ಮೊದಲನೆಯ ಕಾಲಂ ನನ್ನದು, ಎರಡನೆಯದು ಲೆಕ್ಚರರದು.

ಮೊದಲ ಐದಾರು ಹಾಳೆಗಳಿಗೆ ಅವರು ಹಾಗೆಯೇ ಮಾಡಿದರು. ಅವರ ಕೈ ಬಹಳ ಚುರುಕು. ಹಿಡಿಕೆ ತಿರುಗಿಸುವ ಸದ್ದು ಹೊರಗಿನ ಮೆಟ್ಟಿಲವರೆಗೂ ಕೇಳುತ್ತಿತ್ತು.

ಆಮೇಲೆ ಆಯುಧಪೂಜೆ ಬಂತು. ರಜೆಯಾದರೂ ಆ ದಿನ ಬೆಳಿಗ್ಗೆ ವಿಭಾಗದಲ್ಲಿ ಪೂಜೆ ನಡೆಯುವುದು ವಾಡಿಕೆ. ನಮ್ಮ ಅಟೆಂಡರು ಹಿನಕಲ್ಲಿನವರು, ಐವತ್ತು ದಾಟಿದವರು. ದಿನವೂ ಅಲ್ಲಿಂದ ಸೈಕಲ್ಲಿನಲ್ಲಿ ಬರುತ್ತಿದ್ದರು. ಆ ದಿನ ತಮ್ಮ ಹಿತ್ತಿಲಿನ ಬಾಳೆಕಂದು, ಚೆಂಡುಹೂವು ಎಲ್ಲ ಕಟ್ಟಿಕೊಂಡು ಬಂದಿದ್ದರು. ದೊಡ್ಡ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ಲೆಕ್ಕದ ಯಂತ್ರ, ಲಾಗರಿದಮ್ ಪುಸ್ತಕಗಳು, ಕೊಠಡಿಗಳ ಬೀಗದಕೈ ಗೊಂಚಲು, ಕೊನೆಗೆ ತಮ್ಮ ಸೈಕಲ್ಲಿನ ಪಂಪನ್ನೂ ಇಟ್ಟರು.

ಯಂತ್ರದ ಸೀಳುಗಳನ್ನು ನೋಡಿ ನನಗೆ ಸರಿಕಾಣಲಿಲ್ಲ. "ಸರ್, ಇದಕ್ಕೆ ಒಂದು ಬಟ್ಟೆ ಹೊದಿಸಿ ಪೂಜೆ ಮಾಡಬಹುದಲ್ಲ?" ಎಂದು ವಿಭಾಗದ ಮುಖ್ಯಸ್ಥರನ್ನು ಕೇಳಿದೆ.

ಲೆಕ್ಚರರು ನಕ್ಕರು. "ಮುಖಕ್ಕೆ ಮುಸುಕು ಹಾಕಿ ಪೂಜೆ ಮಾಡೋದು ಎಲ್ಲಾದ್ರೂ ಉಂಟೇನ್ರೀ? ಇವರ ಗಣಿತ ನೋಡಿ ಸಾರ್."

"ಮೊಖ ಕಾಣ್ದಂಗೆ ಎಂಗೆ ಅಮ್ಮಾವ್ರೇ?" ಎಂದು ಅಟೆಂಡರೂ ಸೇರಿಕೊಂಡರು. "ವರ್ಸಕ್ಕೊಂದ್ ದಿನ ಅದುಕ್ಕೂ ವಸಿ ಗಂಧ ಕುಂಕ್ಮ ಬ್ಯಾಡ್ವಾ?"

ಮುಖ್ಯಸ್ಥರು ವಯಸ್ಸಾದವರು, ಸೌಮ್ಯ ಸ್ವಭಾವದವರು. "ಆಗ್ಲಿ ಬಿಡಮ್ಮಾ. ಬಾ, ಆರತಿ ನೀನೇ ಎತ್ತು. ವಿಭಾಗಕ್ಕೆಲ್ಲ ಇರೋದು ಒಬ್ಬಳೇ ಹೆಣ್ಣುಮಗಳು" ಎಂದರು. ನಾನು ಆರತಿ ಎತ್ತಿದೆ. ಮೊದಲು ಮುಖ್ಯಸ್ಥರು ಅಕ್ಷತೆ ಹಾಕಿದರು, ಆಮೇಲೆ ಲೆಕ್ಚರರು, ಆಮೇಲೆ ಅಟೆಂಡರು, ಕೊನೆಗೆ ನಾನು. ಅರಿಶಿನ ಹಚ್ಚಿದ ಅಕ್ಕಿಕಾಳುಗಳು ಯಂತ್ರದ ಮೇಲೆ ಬಿದ್ದು ಟಣಟಣ ಎಂದವು. ವಿಜಯದಶಮಿಯವರೆಗೆ ಯಾರೂ ಅದನ್ನು ಮುಟ್ಟಲಿಲ್ಲ. ಹಬ್ಬ ಕಳೆದ ಮೇಲೆ ನಾನು ಹಳೆಯ ಸೀರೆಯ ಚೂರಿನಿಂದ ಗಂಧ ಒರೆಸಿ, ಸೀಳುಗಳನ್ನು ಕುಂಚದಿಂದ ಗುಡಿಸಿ, ತಲೆಕೆಳಗು ಮಾಡಿ ತಟ್ಟಿ, ಕೆಲಸ ಶುರು ಮಾಡಿದೆ.

ಲೆಕ್ಚರರಿಗೆ ಆ ತಿಂಗಳು ಪರೀಕ್ಷೆಯ ಪತ್ರಿಕೆಗಳು ಬಂದಿದ್ದವು. ಮಧ್ಯಾಹ್ನ ಊಟ ಮುಗಿಸಿ ಬಂದು ನನ್ನ ಎದುರು ಕೂತು, ರಟ್ಟಿನ ಪಟ್ಟಿಯಿಂದ ಗಾಳಿ ಬೀಸಿಕೊಳ್ಳುತ್ತ, ನನ್ನ ಕಾಲಂ ನೋಡಿಕೊಂಡು ತಮ್ಮ ಕಾಲಂ ತುಂಬಿಸಿದರು. ಯಂತ್ರವನ್ನು ಹತ್ತಿರಕ್ಕೂ ಎಳೆದುಕೊಳ್ಳಲಿಲ್ಲ. ನಾನು ತಲೆಯೆತ್ತಿದ್ದನ್ನು ಕಂಡು, "ನಿಮ್ಮದು ಇವತ್ತಿನವರೆಗೂ ಒಂದೂ ತಪ್ಪಾಗಿಲ್ಲವಲ್ಲ. ಸುಮ್ಮನೆ ಯಾಕೆ ಎರಡೆರಡು ಸಲ ತಿರುಗಿಸೋದು?" ಎಂದರು.

ಅದನ್ನು ನಾನು ಹೊಗಳಿಕೆ ಎಂದು ತೆಗೆದುಕೊಂಡೆ. ಇಷ್ಟು ವರ್ಷಗಳ ಮೇಲೆ ಬರೆಯುವಾಗ ಬೇರೆಯವರ ತಪ್ಪನ್ನು ಬರೆದು ನನ್ನದನ್ನು ಬಿಡುವುದು ಸರಿಯಲ್ಲ. ಹನ್ನೊಂದು ಹಾಳೆಗಳನ್ನು ಅವರು ನಕಲು ಮಾಡುತ್ತಿದ್ದುದನ್ನು ನಾನು ಎದುರು ಕೂತು ನೋಡಿದೆ. ಅವರು ಬರೆಯಬೇಕಾಗಿದ್ದ ಶಿಫಾರಸು ಪತ್ರ ನನ್ನ ಮನಸ್ಸಿನಲ್ಲಿತ್ತು. ಒಂದು ಕಡೆ ನಾನು ಮೂವತ್ತೆಂಟು ಎಂದು ಬರೆಯಬೇಕಾದಲ್ಲಿ ಎಂಬತ್ತಮೂರು ಎಂದು ಅಂಕಿ ತಿರುಗಿಸಿ ಬರೆದಿದ್ದೆ. ಅದೂ ಹಾಗೆಯೇ ಅವರ ಕಾಲಮಿಗೆ ಹೋಗಿತ್ತು. ಅದು ನನ್ನ ಗಮನಕ್ಕೆ ಬಂದದ್ದು ಎಲ್ಲ ಕೆಟ್ಟ ಮೇಲೆ.

ಅವರು ತಮ್ಮ ಚುರುಕು ಕೈಯಿಂದ ಒಂದೇ ಒಂದು ಹಾಳೆಯನ್ನು ತಿರುಗಿಸಿ ನೋಡಿದ್ದರೂ ಎರಡು ಕಾಲಂ ಬೇರೆಬೇರೆ ಬಂದು ದೋಷ ಮೊದಲ ದಿನವೇ ಸಿಕ್ಕುತ್ತಿತ್ತು.

ಆರನೆಯ ಕಿಂಡಿಯ ತಪ್ಪು ಕಂಡ ಆ ದಿನ ನಾನು ಕರೆದಾಗ ಅಟೆಂಡರು ತಿರುಪುಳಿ ತಂದು ಯಂತ್ರದ ಹಿಂಬದಿಯ ತಗಡು ಬಿಚ್ಚಿದರು. ಐದನೆಯ ಮತ್ತು ಆರನೆಯ ಚಕ್ರಗಳ ನಡುವೆ, ಕೊಕ್ಕೆಯ ಬುಡದಲ್ಲಿ, ಒಂದು ಅಕ್ಷತೆ ಕಾಳು ಸಿಕ್ಕಿಕೊಂಡಿತ್ತು. ಎಣ್ಣೆ ಕುಡಿದು ಕಂದಿದ್ದರೂ ಒಂದು ಬದಿಗೆ ಇನ್ನೂ ಹಳದಿಯಿತ್ತು. ನಾನು ತಲೆಪಿನ್ನಿನಿಂದ ಅದನ್ನು ತೆಗೆದೆ.

"ಅಯ್ಯೋ ಶಿವ್ನೇ" ಎಂದು ಅವರು ಅದನ್ನು ಅಂಗೈಮೇಲೆ ಇಟ್ಟುಕೊಂಡು ನೋಡಿದರು. "ಇದು ನಂದೇ ಇರ್ಬೈದು ಅಮ್ಮಾವ್ರೇ. ನಾನು ಒಂದ್ ಇಡಿ ತುಂಬಾ ಆಕ್ಬುಟ್ಟಿದ್ದೆ."

ಯಾರದೋ ಹೇಳಲು ಬರುವುದಿಲ್ಲ ಎಂದೆ. ನಾಲ್ಕು ಜನ ಹಾಕಿದ್ದೆವು. ತನ್ನದಿರಬಹುದು ಎಂದು ಬಾಯಿಬಿಟ್ಟು ಹೇಳಿದವರು ಅವರೊಬ್ಬರೇ.

ಮಧ್ಯಾಹ್ನ ಲೆಕ್ಚರರು ಬಂದಾಗ ಎಲ್ಲವನ್ನೂ ಕ್ರಮವಾಗಿ ಹೇಳಿದೆ. ಐದು ಒಂಬತ್ತುಗಳ ಪರೀಕ್ಷೆ, ಕಾಳು, ಹಬ್ಬದ ನಂತರ ಹೋದ ಹನ್ನೊಂದು ಹಾಳೆ. ಅವರು ಕಾಳನ್ನು ಬೆರಳತುದಿಯಲ್ಲಿ ಎತ್ತಿ ನೋಡಿದರು.

"ಈಗ ಯಂತ್ರ ಸರಿಹೋಯ್ತಾ?"

"ಹೋಯ್ತು ಸರ್."

"ಹಾಗಾದ್ರೆ ಮುಂದಿಂದು ಸರಿ ಬರುತ್ತೆ. ಹಿಂದಿಂದಕ್ಕೆ ತಲೆ ಕೆಡಿಸ್ಕೋಬೇಡಿ. ಅಲ್ಲಿ ಜರ್ಮನಿಯೋರು ಕೂತಿದಾರೆ. ಕಣ್ಣುಮುಚ್ಚಿಕೊಂಡು ನಮ್ಮ ಅಂಕಿ ತಗೋತಾರೆ ಅಂದ್ಕೊಂಡ್ರಾ?"

"ಎರಡು ಸಹಿ ಇರುವ ಹಾಳೆಯನ್ನು ಅವರು ಮತ್ತೆ ನೋಡುವುದಿಲ್ಲ ಸರ್. ಅದಕ್ಕೇ ಎರಡು ಸಹಿ."

"ನಿಮ್ಮ ಅರ್ಜಿ ಅವರ ಮೇಜಿನ ಮೇಲಿದೆ, ನೆನಪಿದೆಯೇನ್ರೀ? ಈಗ ಹನ್ನೊಂದು ಹಾಳೆ ತಪ್ಪು ಅಂತ ಬರೆದ್ರೆ ನಿಮ್ಮನ್ನ ಕರೀತಾರಾ? ಯೋಚನೆ ಮಾಡಿ. ನಾನು ನಿಮ್ಮ ಒಳ್ಳೇದಕ್ಕೇ ಹೇಳ್ತಿರೋದು."

ಅದನ್ನು ನಾನೂ ಯೋಚಿಸಿದ್ದೆ. ಕಾಳು ಕಂಡ ಗಳಿಗೆಯಿಂದ ಅವರು ಬರುವವರೆಗೆ ಎರಡು ಗಂಟೆ ನಾನು ಬೇರೇನೂ ಯೋಚಿಸಿರಲಿಲ್ಲ. "ಅದರೊಳಗೆ ಒಬ್ಬ ಮನುಷ್ಯ ಕೂತು ಹಾರ್ತಾನೆ ಸರ್" ಎಂದೆ.

ಅವರು ಎದ್ದು ಕಿಟಕಿಯ ಹತ್ತಿರ ನಿಂತರು. "ಸರಿ. ನೀವು ಬರೀಬೇಡಿ. ನಾನೇ ಬರೀತೀನಿ. ದೊಡ್ಡವರು ಬರೆದ್ರೆ ಅದರ ಧಾಟಿ ಬೇರೆ ಇರುತ್ತೆ."

ಅವರು ಕೆಟ್ಟವರಲ್ಲ. ಹೀಗೆ ಬರೆಯಲು ಈಗಲೂ ಕಷ್ಟವಾಗುತ್ತದೆ, ಆದರೆ ನಿಜ. ವಿದ್ಯಾರ್ಥಿಗಳ ಕಷ್ಟಸುಖಕ್ಕೆ ಆಗುತ್ತಿದ್ದರು. ನಾನು ಎಂ.ಎಸ್ಸಿ.ಯಲ್ಲಿ ಜ್ವರ ಬಂದು ಮಲಗಿದಾಗ ಟಿಪ್ಪಣಿಗಳನ್ನು ಮನೆಗೆ ಕಳಿಸಿಕೊಟ್ಟಿದ್ದರು. ಅವರು ಬರೆದ ಕಾಗದವನ್ನು ನನಗೆ ತೋರಿಸಲಿಲ್ಲ. ನಾನು ಕೇಳಲೂ ಇಲ್ಲ.

ನಾನು ಹಾಳೆಗಳನ್ನು ಮೊದಲಿನಿಂದ ಮಾಡತೊಡಗಿದೆ. ಒಂದು ಸಲ ಯಂತ್ರದಿಂದ, ಇನ್ನೊಂದು ಸಲ ಲಾಗರಿದಮ್ ಪುಸ್ತಕದಿಂದ. ಒಂದು ಹಾಳೆಗೆ ಎರಡು ದಿನ, ಕೆಲವೊಮ್ಮೆ ಮೂರು ದಿನ ಹಿಡಿಯುತ್ತಿತ್ತು. ಬೆರಳಿನ ಬುಡದಲ್ಲಿ ಹಿಡಿಕೆಯ ಗುರುತು ಕಪ್ಪಗೆ ಕೂತಿತು. ಮನೆಯಲ್ಲಿ ಅಪ್ಪ ಅಂಚೆಯವರು ಬರುವ ಹೊತ್ತಿಗೆ ಜಗಲಿಗೆ ಬಂದು ಕೂರುತ್ತಿದ್ದರು.

ನಾನು ನಾಲ್ಕನೆಯ ಹಾಳೆಯಲ್ಲಿದ್ದಾಗ ಬೆಂಗಳೂರಿನಿಂದ ಒಬ್ಬ ಎಂಜಿನಿಯರು ಬೆಳಗಿನ ರೈಲಿಗೆ ಬಂದರು. ನಲವತ್ತರ ಆಸುಪಾಸು, ಕನ್ನಡದವರೇ, ಮಾತಿನಲ್ಲಿ ಗತ್ತಿರಲಿಲ್ಲ. ಹಳೆಯ ಹನ್ನೊಂದು ಹಾಳೆಗಳನ್ನು ಫೈಲಿನಲ್ಲಿ ತಂದಿದ್ದರು. ಮುಖ್ಯಸ್ಥರ ಕೊಠಡಿಯಲ್ಲಿ ಕಾಫಿ ಕುಡಿಯುತ್ತ ವಿಮಾನದ ವಿಷಯ ಹೇಳಿದರು. ಅದೇ ಆಕಾರದಲ್ಲಿ, ಅದೇ ಅಳತೆಯಲ್ಲಿ, ಮರದಿಂದ ಒಂದು ಗ್ಲೈಡರ್ ಮಾಡಿದ್ದರಂತೆ. ಎಂಜಿನ್ ಇಲ್ಲ. ಡಕೋಟಾ ವಿಮಾನಕ್ಕೆ ಹಗ್ಗ ಕಟ್ಟಿ ಎಳೆದು ಮೇಲಕ್ಕೊಯ್ದು ಬಿಟ್ಟರೆ ಅದು ತಾನೇ ತೇಲಿಕೊಂಡು ಇಳಿಯುತ್ತಿತ್ತಂತೆ. "ಮರದ್ದು ಅಂತ ನಗಬೇಡಿ ಸಾರ್. ಅದರಲ್ಲಿ ಹಾರಿದವರು ಇಳಿದು ಬಂದು ಕುರ್ಚಿ ಮೇಲೆ ಕೂತಂಗಿತ್ತು ಅಂದ್ರು" ಎಂದರು.

ನನಗೆ ಕೇಳಬೇಕಾದ ಪ್ರಶ್ನೆಗಳು ಹತ್ತಾರು ಇದ್ದವು. ಒಂದನ್ನೂ ಕೇಳಲಿಲ್ಲ. ಕರೆದಾಗ ಮಾತ್ರ ಒಳಗೆ ಹೋಗಿದ್ದೆ, ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತಿದ್ದೆ.

ಎಂಜಿನಿಯರು ಜೇಬಿನಿಂದ ಲೆಕ್ಚರರ ಕಾಗದ ತೆಗೆದರು. ಅದು ಇಂಗ್ಲಿಷಿನಲ್ಲಿತ್ತು. ಒಂದು ಸಾಲು ಓದಿ ಕನ್ನಡದಲ್ಲೇ ನಗುತ್ತ ಹೇಳಿದರು: "ಮಹಿಳಾ ಸಹಾಯಕರು ಯಂತ್ರಕ್ಕೆ ಪೂಜೆ ಮಾಡಿದ್ದರಿಂದ ಈ ದೋಷ ಉಂಟಾಗಿದೆ, ಅಂತ ಇದೆ. ಅದು ನೀವೇನಮ್ಮಾ? ಯುದ್ಧವಿಮಾನಕ್ಕೇ ಮಂಗಳಾರತಿ ಎತ್ತಿಬಿಟ್ರಲ್ಲ!"

ಮುಖ್ಯಸ್ಥರೂ ನಕ್ಕರು, ಲೆಕ್ಚರರೂ ನಕ್ಕರು. ಮುಖ್ಯಸ್ಥರಿಗೆ ತಾವೇ ಆರತಿ ಎತ್ತಿಸಿದ್ದು ಮರೆತಿರಬೇಕು. "ಹೆಣ್ಣುಮಕ್ಕಳಿಗೆ ಭಕ್ತಿ ಜಾಸ್ತಿ" ಎಂದರು.

"ಆರತಿ ಎತ್ತಿದ್ದು ನಾನೇ" ಎಂದೆ. "ಅಕ್ಷತೆ ಎಲ್ಲರೂ ಹಾಕಿದ್ದು."

ಎಂಜಿನಿಯರು ಹಾಳೆಗಳನ್ನು ಒಂದೊಂದಾಗಿ ತಿರುವಿದರು. ಮೊದಲ ಕಾಲಮಿನ ಮೇಲೆ ಒಂದು ಬೆರಳು, ಎರಡನೆಯದರ ಮೇಲೆ ಇನ್ನೊಂದು ಬೆರಳು, ಎರಡನ್ನೂ ಒಟ್ಟಿಗೆ ಕೆಳಗೆ ಇಳಿಸುತ್ತ ಬಂದರು. ಏಳನೆಯ ಹಾಳೆಯ ನಡುವೆ ಎರಡು ಬೆರಳುಗಳೂ ನಿಂತವು. ಅದು ನನ್ನ ಎಂಬತ್ತಮೂರು, ಮೇಲಿನ ಕೆಳಗಿನ ಸಾಲುಗಳಿಗೆ ಹೊಂದದೆ ಎದ್ದು ಕಾಣುತ್ತಿತ್ತು. ಆರನೆಯ ಕಿಂಡಿಗೂ ಅದಕ್ಕೂ ಸಂಬಂಧವಿಲ್ಲ. ಯಂತ್ರ ಎಷ್ಟೇ ಕೆಟ್ಟರೂ ಅಂಥ ತಪ್ಪು ಮಾಡಲಾರದು. ಬರೆಯುವ ಕೈ ಮಾತ್ರ ಮಾಡಬಲ್ಲದು, ಮತ್ತು ಎರಡು ಕೈಗಳು ಒಂದೇ ಜಾಗದಲ್ಲಿ ಅದನ್ನು ಮಾಡುವುದಿಲ್ಲ.

"ಎರಡನೇ ಕಾಲಂ ನೀವು ಬೇರೆಯಾಗಿ ಕೂತು ಮಾಡಿದ್ದೇ ಅಲ್ವೇ ಸಾರ್?" ಎಂದು ಲೆಕ್ಚರರನ್ನು ಕೇಳಿದರು.

"ಬೇರೇನೇ. ಯಂತ್ರ ಮಾತ್ರ ಅದೇ. ಅದಕ್ಕೇ ಇಬ್ಬರಿಗೂ ಒಂದೇ ತಪ್ಪು ಬಂದಿದೆ."

"ಹೂಂ" ಎಂದರು ಎಂಜಿನಿಯರು. ಬೆರಳುಗಳು ಇನ್ನೂ ಅಲ್ಲೇ ಇದ್ದವು. ತಲೆಯೆತ್ತಿ ನನ್ನನ್ನು ನೋಡಿದರು. ನಾನು ಬಾಯಿಬಿಡಲಿ ಎಂದು ಕಾದರೋ ಏನೋ. ನಾನು ಬಿಡಲಿಲ್ಲ. ಅವರಿಗೆ ಅರ್ಥವಾಗಿದೆ, ಹಾಳೆಯ ಮೇಲೆ ಅಷ್ಟು ಸ್ಪಷ್ಟವಾಗಿರುವುದನ್ನು ನಾನು ಬೇರೆ ಹೇಳಬೇಕಾಗಿಲ್ಲ ಎಂದುಕೊಂಡೆ. ನನ್ನ ಗುರುಗಳ ಎದುರಿನಲ್ಲೇ ಅವರು ನಕಲು ಮಾಡಿದರು ಎನ್ನಲು ನಾಲಗೆಯೂ ಏಳಲಿಲ್ಲ. ಎರಡರಲ್ಲಿ ಯಾವುದು ಹೆಚ್ಚು ಕಾರಣ ಎಂದು ಇಂದಿಗೂ ಸರಿಯಾಗಿ ಹೇಳಲಾರೆ.

ಎಂಜಿನಿಯರು ಫೈಲು ಮುಚ್ಚಿದರು. "ಆಗಿದ್ದಾಯ್ತು. ತಿದ್ದಿದ ಹಾಳೆ ಬೇಗ ಕಳಿಸಿಕೊಡಿ" ಎಂದು ಎದ್ದರು. ಹೋಗುವಾಗ ಲೆಕ್ಚರರ ಬೆನ್ನು ತಟ್ಟಿ, "ತಾವಾಗೇ ಬರೆದು ತಿಳಿಸಿದ್ರಲ್ಲ ಸಾರ್, ಅದು ದೊಡ್ಡತನ. ಮೇಲಿನವರು ಮೆಚ್ಚಿಕೊಂಡ್ರು" ಎಂದರು.

ಮುಂದೆ ತಿಳಿದದ್ದನ್ನು ಇಲ್ಲೇ ಹೇಳಿಬಿಡುತ್ತೇನೆ. ವಿಮಾನ ಹಾರಿತು. ಮುಂದಿನ ಬೇಸಿಗೆಯಲ್ಲಿ ಆ ಸುದ್ದಿಯನ್ನು ಅಪ್ಪ ರೇಡಿಯೋದಲ್ಲಿ ಕೇಳಿ ನನ್ನನ್ನು ಕರೆಯದೆ ಧ್ವನಿಯನ್ನು ಮಾತ್ರ ಸ್ವಲ್ಪ ಹೆಚ್ಚಿಸಿದರು. ಇನ್ನೂ ಕೆಲವು ವರ್ಷಗಳ ನಂತರ ಅದು ವಾಯುಪಡೆಯನ್ನು ಸೇರಿತು. ನೆಲಕ್ಕೆ ಹತ್ತಿರವಾಗಿ ವೇಗದಿಂದ ಹಾರುವುದರಲ್ಲಿ ಅದರಷ್ಟು ಸ್ಥಿರವಾದದ್ದಿಲ್ಲ ಎಂದು ಪೈಲಟ್‌ಗಳು ಮೆಚ್ಚುತ್ತಾರಂತೆ. ಆದರೆ ಅದಕ್ಕೆಂದು ಬಯಸಿದ್ದ ಹೆಚ್ಚು ಶಕ್ತಿಯ ಎಂಜಿನ್ ಯಾವ ದೇಶದಿಂದಲೂ ಸಿಗಲಿಲ್ಲ. ಇದ್ದ ಎಂಜಿನ್ ಸಾಲದು. ಸಮಮಟ್ಟದಲ್ಲಿ ಹಾರುವಾಗ ಅದು ಶಬ್ದದ ವೇಗವನ್ನು ದಾಟಲಿಲ್ಲ.

ಇದನ್ನು ನನಗೆ ವಿವರಿಸಿದವರು ಲೆಕ್ಚರರೇ. ಅಷ್ಟು ಹೊತ್ತಿಗೆ ಅವರು ಬೆಂಗಳೂರಿನಲ್ಲಿ ದೊಡ್ಡ ಅಧಿಕಾರಿ. ಮೈಸೂರಿನ ಒಂದು ಛತ್ರದಲ್ಲಿ, ಮುಖ್ಯಸ್ಥರ ಮೊಮ್ಮಗಳ ಮದುವೆಯಲ್ಲಿ ಸಿಕ್ಕರು. ತಲೆ ಅರ್ಧ ನರೆತಿತ್ತು, ನಗು ಹಾಗೆಯೇ ಇತ್ತು.

"ನಿಮ್ಮ ಆ ಹನ್ನೊಂದು ಹಾಳೆ ಇತ್ತಲ್ಲ, ಅದು ಶಬ್ದ ದಾಟಿದ ಮೇಲಿನ ಲೆಕ್ಕ ಕಣ್ರೀ. ದಾಟೋದೇ ಇಲ್ಲ ಅಂದಮೇಲೆ ಅದು ಯಾರಿಗೆ ಬೇಕು? ಬೀರುವಿನಲ್ಲೇ ಇದೆ. ಯಾರೂ ಬಿಚ್ಚಿ ನೋಡ್ಲಿಲ್ಲ."

"ಮೊದಲು ಕಳಿಸಿದ್ದಾ, ತಿದ್ದಿ ಕಳಿಸಿದ್ದಾ?" ಎಂದು ಕೇಳಿದೆ.

"ಎರಡೂನೂ!" ಎಂದು ಅವರು ಜೋರಾಗಿ ನಕ್ಕರು. "ಅಷ್ಟಕ್ಕೆ ಆವತ್ತು ನೀವು ಎಷ್ಟು ಹಟ ಮಾಡಿದ್ರಿ!"

ಹಾಗಾಗಿ ಆ ಹಾಳೆಗಳು ತಪ್ಪಾಗಿಯೇ ಉಳಿದಿದ್ದರೂ ಯಾರ ಕೂದಲೂ ಕೊಂಕುತ್ತಿರಲಿಲ್ಲ. ನಾನು ಬಾಯಿಮುಚ್ಚಿಕೊಂಡು ಇದ್ದಿದ್ದರೆ ಬಸವನಗುಡಿಯ ಸೋದರತ್ತೆಯ ಮನೆಯಿಂದ ದಿನಾ ಕಾರ್ಖಾನೆಯ ಬಸ್ಸು ಹಿಡಿಯುತ್ತಿದ್ದೆ. ಇದನ್ನು ಎಷ್ಟೋ ಸಲ ಲೆಕ್ಕ ಹಾಕಿ ನೋಡಿದ್ದೇನೆ. ಅಂದು ಗೊತ್ತಿದ್ದದ್ದಿಷ್ಟೇ ಇಟ್ಟುಕೊಂಡು ನೋಡಿದರೆ ನಾನು ಮಾಡಿದ್ದೇ ಸರಿ. ಅದರಿಂದ ಸಮಾಧಾನ ಮಾತ್ರ ಬರುವುದಿಲ್ಲ.

ಈಗ ಆ ಡಿಸೆಂಬರಿಗೆ ಹಿಂತಿರುಗುತ್ತೇನೆ. ಎಂಟು ಹಾಳೆ ತಿದ್ದಿ ಮುಗಿದಿತ್ತು. ಇನ್ನು ಮೂರು ಬಾಕಿ. ಸಂಜೆ ನಾಲ್ಕಕ್ಕೆ ಮನೆಗೆ ಬಂದಾಗ ಅಪ್ಪ ಜಗಲಿಯಲ್ಲಿ ಕೂತಿದ್ದರು, ಮಡಿಲಲ್ಲಿ ಉದ್ದನೆಯ ಲಕೋಟೆ. ಒಡೆದಿರಲಿಲ್ಲ. ನಾನು ಒಡೆದೆ. ತಮ್ಮ ಅರ್ಜಿಯನ್ನು ಪರಿಗಣಿಸಲು ಸಾಧ್ಯವಾಗದ್ದಕ್ಕೆ ವಿಷಾದಿಸುತ್ತೇವೆ ಎಂಬ ಅರ್ಥದ ಒಂದೇ ವಾಕ್ಯ. ಕಾರಣ ಬರೆದಿರಲಿಲ್ಲ. ಅಪ್ಪನ ಕೈಗೆ ಕೊಟ್ಟೆ.

ಅವರು ಕನ್ನಡಕ ಹಾಕಿಕೊಂಡು ಓದಿದರು. ತಿರುಗಿಸಿ ಹಿಂಬದಿಯನ್ನೂ ನೋಡಿದರು. "ಸಹಿ ಸ್ಪಷ್ಟವಾಗಿಲ್ಲ" ಎಂದರು, ಅದೇ ಮುಖ್ಯ ಎನ್ನುವ ಹಾಗೆ.

ಒಳಗಿನಿಂದ ಅಮ್ಮ ಬಂದು ಇಬ್ಬರ ಮುಖವನ್ನೂ ನೋಡಿದರು. ಕೇಳದೆಯೇ ಅವರಿಗೆ ತಿಳಿಯಿತು. "ಹೋಗ್ಲಿ ಬಿಡು ಮಗು. ಹೆಣ್ಣು ಹುಡುಗಿ ಒಬ್ಬಳೇ ಅಷ್ಟು ದೂರ..." ಎಂದವರು ಅಪ್ಪನ ಕಡೆ ತಿರುಗಿ, "ಹಾಸನದೋರಿಗೆ ಒಂದು ಕಾಗದ ಹಾಕ್ಲಾ?" ಎಂದರು.

"ಇವತ್ತು ಬೇಡ ಕಣೇ. ಇವತ್ತೊಂದು ದಿನ ಸುಮ್ನಿರು."

ಕಾಗದ ಆ ವಾರದಲ್ಲೇ ಹೋಯಿತು. ಅಲ್ಲಿ ಮುಂದೆ ಏನಾಯಿತು, ಯಾಕೆ ಆಗಲಿಲ್ಲ ಎಂಬುದನ್ನು ನಾನು ಇಲ್ಲಿ ಬರೆಯುವುದಿಲ್ಲ.

ಐದೂವರೆಗೆ ಅಟೆಂಡರು ಸೈಕಲ್ಲಿನಲ್ಲಿ ನಮ್ಮ ಮನೆಗೇ ಬಂದರು. ಎಲೆಯಲ್ಲಿ ಸುತ್ತಿದ ಪೇಡ ತಂದಿದ್ದರು. ಲೆಕ್ಚರರು ವಿಭಾಗದಲ್ಲೆಲ್ಲ ಹಂಚಿದ್ದಂತೆ, ನನ್ನ ಪಾಲನ್ನು ಇವರ ಕೈಯಲ್ಲಿ ಕಳಿಸಿದ್ದರಂತೆ. "ನಮ್ ಸಾರ್‌ಗೆ ಬೆಂಗ್ಳೂರ್ ಇಮಾನದ ಕಾರ್ಕಾನೇಲಿ ಕೆಲ್ಸ ಆಯ್ತಂತೆ ಅಮ್ಮಾವ್ರೇ. ಮುಂದಿನ್ ತಿಂಗ್ಳೇ ಓಯ್ತಾರಂತೆ. ನಿಮ್ದೂ ಕಾಗ್ದ ಬಂತಾ?"

"ಬಂತು" ಎಂದೆ.

ಅವರು ಹ್ಯಾಂಡಲ್ ಹಿಡಿದುಕೊಂಡೇ ನಿಂತಿದ್ದರು. "ಆ ಕಾಳು ನಂದೇ ಅಂತ ನಾನು ಆವತ್ತೇ ಆ ಇಂಜಿನೇರ್ ತಾವ ಯೋಳ್ಬೇಕಾಗಿತ್ತು" ಎಂದರು. "ಕಾಪಿ ಲೋಟ ತಕ್ಕೊಂಡ್ ಒಳೀಕ್ ಓದಾಗ ಯೋಳಾನ ಅಂತಿದ್ದೆ. ಎಲ್ರೂ ನಗ್ತಾ ಇದ್ರು. ಬುಟ್ಬುಟ್ಟೆ."

ಅವರಿಗೆ ಕಾಫಿ ಕೊಡಿಸಿ ಕಳಿಸಿದೆ. ಪೇಡವನ್ನು ಅಮ್ಮ ದೇವರ ಮುಂದಿಟ್ಟರು. ನಾನು ತಿನ್ನಲಿಲ್ಲ.

ಮರುದಿನ ಬೆಳಿಗ್ಗೆ ಎಂದಿನಂತೆ ಹತ್ತು ಗಂಟೆಗೆ ವಿಭಾಗಕ್ಕೆ ಹೋದೆ. ಲೆಕ್ಚರರು ಆಗಲೇ ಹಿಂದಿನ ಕೊಠಡಿಯಲ್ಲಿ ನಿಂತಿದ್ದರು. ನನಗಾಗಿಯೇ ಕಾದಿದ್ದರೆಂದು ಕಾಣುತ್ತದೆ. "ಇನ್ನು ಮೂರು ಹಾಳೆ ತಾನೇ, ಬಿಡಿ. ನಾನು ಅಲ್ಲಿಗೆ ಹೋದ ಮೇಲೆ ಯಾರ ಕೈಲಾದ್ರೂ ಮಾಡಿಸ್ತೀನಿ. ನಿಮಗೆ ಬೇಜಾರಾಗಿರುತ್ತೆ" ಎಂದರು.

ನಾನು ಯಂತ್ರದ ಹೊದಿಕೆ ತೆಗೆದೆ. ಒಂಬತ್ತನೆಯ ಹಾಳೆಯನ್ನು ಎದುರಿಗಿಟ್ಟು, ರಟ್ಟಿನ ಪಟ್ಟಿಯನ್ನು ಅವರ ಕಡೆಗೆ ಸರಿಸಿದೆ.

"ಸರ್, ಮೊದಲನೇ ಕಾಲಂ ಸಂಜೆಗೆ ಮುಗಿಯುತ್ತೆ. ಎರಡನೇದನ್ನ ನೀವು ಮಾಡೋದಾದ್ರೆ ಯಂತ್ರ ಬಿಟ್ಟುಕೊಡ್ತೀನಿ."

ಅವರು ರಟ್ಟನ್ನು ನೋಡಿದರು, ನನ್ನನ್ನು ನೋಡಿದರು. ಮುಖ ಕೆಂಪಾಯಿತು. ಕ್ಲಾಸಿದೆ ಎಂದು ಹೇಳಿ ಹೊರಗೆ ಹೋದರು. ಆ ಹೊತ್ತಿಗೆ ಅವರಿಗೆ ಕ್ಲಾಸಿರಲಿಲ್ಲ. ನಾನು ಸನ್ನೆಗಳನ್ನು ಸರಿಸಿ ಮೊದಲ ಸಂಖ್ಯೆಯನ್ನು ಇಟ್ಟು, ಹಿಡಿಕೆ ತಿರುಗಿಸಿದೆ.